ಗಾಜಿನ ಕಣ್ಣಿನ ಪತ್ತೇದಾರ

ಮಾನ್ಯ ಸಂಪಾದಕರೇ,

ಕಿರುತೆರೆಯ ನಾಯಕನೆಂದರೆ ಗರಿಗರಿ ಇಸ್ತ್ರಿಯ ಅಂಗಿ, ತಿದ್ದಿ ತೀಡಿದ ಮುಖ ಎಂದುಕೊಂಡವರು ಅಮೆರಿಕದ ನಟ ಪೀಟರ್ ಫಾಕ್ ಅವರನ್ನು ಒಮ್ಮೆ ನೋಡಬೇಕು. 1927ರಲ್ಲಿ ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಅವರು ಮೂರನೇ ವಯಸ್ಸಿಗೇ ಕ್ಯಾನ್ಸರ್‌ನಿಂದ ಬಲಗಣ್ಣು ಕಳೆದುಕೊಂಡರು. ಅದಕ್ಕಾಗಿ ಅತ್ತವರಲ್ಲ! ಶಾಲಾ ದಿನಗಳ ಬೇಸ್‌ಬಾಲ್ ಪಂದ್ಯವೊಂದರಲ್ಲಿ ಅಂಪೈರ್ ಔಟ್ ಕೊಟ್ಟಾಗ, ತನ್ನ ಗಾಜಿನ ಕಣ್ಣನ್ನೇ ತೆಗೆದು ಅವರ ಕೈಗಿತ್ತ ಕಥೆಯನ್ನು ನಗುತ್ತಲೇ ಹೇಳಿಕೊಳ್ಳುತ್ತಿದ್ದರು.

ಹಡಗಿನಲ್ಲಿ ಅಡುಗೆ, ಕನೆಕ್ಟಿಕಟ್ ರಾಜ್ಯದ ಬಜೆಟ್ ಕಚೇರಿಯಲ್ಲಿ ನೌಕರಿ, ಆಮೇಲೆ ನಟನೆ. 1968ರಲ್ಲಿ ಮೊದಲ ಬಾರಿ ತೊಟ್ಟ ಕಿರುತೆರೆಯ ಪತ್ತೇದಾರ ಕೊಲಂಬೊನ ವೇಷವನ್ನು, ನಡುವೆ ಬಿಡುವಿದ್ದರೂ, 2003ರವರೆಗೆ ಬಿಡಲಿಲ್ಲ. ಆ ಮುದುಡಿದ ಮಳೆಕೋಟು ಅವರ ಸ್ವಂತದ್ದು. ಈ ಸರಣಿಯಲ್ಲಿ ಕೊಲೆಗಾರ ಯಾರೆಂದು ಪ್ರೇಕ್ಷಕರಿಗೆ ಮೊದಲೇ ಗೊತ್ತು. ಆದರೂ ಕುತೂಹಲ ಕುಂದದು. ವಿಚಾರಣೆ ಮುಗಿಸಿ ಬಾಗಿಲವರೆಗೆ ಹೋದವರು ಹಣೆ ಉಜ್ಜಿಕೊಳ್ಳುತ್ತ ತಿರುಗಿ, ‘ಇನ್ನೊಂದೇ ಒಂದು ವಿಷಯ’ ಎನ್ನುವಾಗ ಕೊಲೆಗಾರನ ಮುಖ ನೋಡಬೇಕು. ಹಿನ್ನೆಲೆಯಲ್ಲಿ ಗುಡುಗು ಸಿಡಿಲಿನ ಸದ್ದು ಬೇಕಾಗಿಯೇ ಇಲ್ಲ.

ಈ ಪಾತ್ರಕ್ಕೆ ಅಮೆರಿಕದ ಕಿರುತೆರೆಯ ಎಮ್ಮಿ ಪ್ರಶಸ್ತಿಯನ್ನು ನಾಲ್ಕು ಬಾರಿ ಪಡೆದ ಫಾಕ್ 2011ರ ಜೂನ್‌ನಲ್ಲಿ ತೀರಿಕೊಂಡರು. ಹಳೆಯ ಕಂತುಗಳನ್ನು ನಾನು ಈಗಲೂ ನೋಡುತ್ತೇನೆ, ಅಪರಾಧಿ ಯಾರೆಂದು ಗೊತ್ತಿದ್ದೂ.

– ಓದುಗ, ಮೈಸೂರು