ಮೈಲುಗಳಿಗೂ ನಾಮಿನಿ ಇರಲಿ

ಮಾನ್ಯ ಸಂಪಾದಕರೇ,

ನಮ್ಮ ಅಣ್ಣ ತೀರಿಕೊಂಡು ಹದಿನಾಲ್ಕು ತಿಂಗಳಾಯಿತು. ಪೀಣ್ಯದಲ್ಲಿ ಯಂತ್ರ ತಯಾರಿಸುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದರು. ಯಂತ್ರ ಜೋಡಿಸಿಕೊಡಲು, ಕೆಟ್ಟರೆ ರಿಪೇರಿ ಮಾಡಲು ಅಂತ ವರ್ಷಕ್ಕೆ ಐದಾರು ಸಲ ಜರ್ಮನಿಗೆ ಹೋಗಿಬರುತ್ತಿದ್ದರು. ಇಪ್ಪತ್ತು ವರ್ಷ ಹೀಗೇ ನಡೆಯಿತು. ಮಗಳ ಸ್ಕೂಲ್ ಡೇ, ಅತ್ತಿಗೆಯ ಆಪರೇಷನ್, ಎಷ್ಟೋ ಗೌರಿ-ಗಣೇಶ ಹಬ್ಬ, ಎಲ್ಲಕ್ಕೂ ಅವರು ಫೋನಿನಲ್ಲೇ ಹಾಜರಿ. ಪದೇ ಪದೇ ಹಾರುವವರ ಕಾರ್ಡಿಗೆ ವಿಮಾನ ಕಂಪನಿ 'ಮೈಲು' ಅನ್ನುವ ಪಾಯಿಂಟು ಜಮಾ ಮಾಡುತ್ತದೆ, ಅದರಲ್ಲಿ ಮುಂದೆ ಟಿಕೆಟ್ ಪಡೆಯಬಹುದು. ಅಣ್ಣನ ಕಾರ್ಡಿನಲ್ಲಿ ಕೊನೆಗೆ ಉಳಿದದ್ದು 1,38,000 ಮೈಲು. "ರಿಟೈರ್ ಆದ್ಮೇಲೆ ಇದರಲ್ಲೇ ನಿಮ್ಮತ್ತಿಗೆಗೆ ಯುರೋಪ್ ತೋರಿಸ್ತೀನಿ" ಅನ್ನುತ್ತಿದ್ದರು.

ಕಾರ್ಯಗಳೆಲ್ಲ ಮುಗಿದ ಮೇಲೆ ಬ್ಯಾಂಕು, ಎಲ್‌ಐಸಿ, ಪಿಎಫ್ ಅಂತ ನಾನೇ ಓಡಾಡಿದೆ. ನಾಮಿನಿ ಇಲ್ಲದ ಒಂದು ಹಳೇ ಖಾತೆಗೆ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿ ಕೊಟ್ಟೆ. ತಡವಾಯಿತು, ಆದರೂ ದುಡ್ಡು ಬಂತು. ಅದೇ ಮರಣ ಪ್ರಮಾಣಪತ್ರ, ಅದೇ ವಂಶವೃಕ್ಷವನ್ನು ವಿಮಾನ ಕಂಪನಿಗೂ ಕಳಿಸಿದೆವು. ನಾಲ್ಕನೇ ದಿನ ಉತ್ತರ ಬಂತು. ಸದಸ್ಯರು ತೀರಿಕೊಂಡರೆ ಸದಸ್ಯತ್ವ ಮುಗಿಯಿತು, ಮೈಲುಗಳು ರದ್ದು, ಖಾತೆ ಮುಚ್ಚಿದ್ದೇವೆ ಅಂತ.

ಕಾಗದ ಕಳಿಸುವ ಮುಂಚೆ ಗೊತ್ತಿದ್ದವರೊಬ್ಬರು ಹೇಳಿದ್ದರು: "ಪಾಸ್‌ವರ್ಡ್ ಇದೆ ಅಲ್ವಾ? ಯಾರಿಗೂ ಹೇಳದೆ ಸುಮ್ನೆ ಟಿಕೆಟ್ ತಗೊಂಡುಬಿಡಿ." ಪಾಸ್‌ವರ್ಡ್ ಇತ್ತು. ಅಣ್ಣನ ಡೈರಿಯ ಕೊನೇ ಪುಟದಲ್ಲಿ, ಗ್ಯಾಸ್ ಬುಕಿಂಗ್ ನಂಬರಿನ ಕೆಳಗೆ, ಅವರ ದುಂಡನೆಯ ಅಕ್ಷರದಲ್ಲಿ. ಅತ್ತಿಗೆ ಒಪ್ಪಲಿಲ್ಲ. "ಇಲ್ಲದವರ ಹೆಸರಲ್ಲಿ ಕದ್ದು ತಗೊಳೋದು ಬೇಡ ಕಣಪ್ಪ, ಕೇಳಿ ಪಡೆಯೋಣ" ಅಂದರು. ಕೇಳಿದ್ದಕ್ಕೇ ಕಳೆದುಕೊಂಡೆವು. ಸಾವನ್ನು ಮುಚ್ಚಿಟ್ಟವರಿಗೆ ಟಿಕೆಟ್ ಸಿಗುತ್ತದೆ, ನಿಜ ಹೇಳಿದವರ ಕೈ ಖಾಲಿ. ಮೈಲು ಹೋದದ್ದಕ್ಕಿಂತ ನನಗೆ ಇದೇ ಜಾಸ್ತಿ ಸಂಕಟ ಕೊಟ್ಟಿದೆ.

ಮೈಲು ಗ್ರಾಹಕರ ಆಸ್ತಿಯಲ್ಲ, ನಾವು ಪ್ರೀತಿಯಿಂದ ಕೊಟ್ಟದ್ದು ಎಂಬುದು ಇಂಥ ಕಂಪನಿಗಳ ವಾದ. 1981ರಲ್ಲಿ ಅಮೆರಿಕನ್ ಏರ್‌ಲೈನ್ಸ್ ತನ್ನ ಮೈಲು ಯೋಜನೆ ಶುರು ಮಾಡಿದ ಕಾಲಕ್ಕೆ ಈ ಮಾತು ಒಪ್ಪುತ್ತಿತ್ತೇನೋ. ಇವತ್ತು ಬ್ಯಾಂಕುಗಳು ತಮ್ಮ ಕ್ರೆಡಿಟ್ ಕಾರ್ಡ್ ಗ್ರಾಹಕರಿಗೆ ಹಂಚಲು ವಿಮಾನ ಕಂಪನಿಗಳಿಂದ ಮೈಲುಗಳನ್ನು ದುಡ್ಡು ಕೊಟ್ಟು ಕೊಳ್ಳುತ್ತವೆ. ಟಿಕೆಟ್ಟಿಗೆ ಸ್ವಲ್ಪ ಕಮ್ಮಿ ಬಿದ್ದರೆ ಎಷ್ಟೋ ಕಂಪನಿಗಳು ನಮಗೂ ಮಾರುತ್ತವೆ. ಮಾರುವಾಗ ಅದು ಸರಕು, ಮನೆಯವರು ಕೇಳಿದಾಗ ಉಡುಗೊರೆ ಅಂದರೆ ಹೇಗೆ? ಅಮೆರಿಕದಲ್ಲಿ ಅಲ್ಲಿನ ಸಾರಿಗೆ ಇಲಾಖೆ 2024ರ ಸೆಪ್ಟೆಂಬರಿನಲ್ಲಿ ನಾಲ್ಕು ದೊಡ್ಡ ವಿಮಾನ ಕಂಪನಿಗಳ ಮೈಲು ಯೋಜನೆಗಳ ಬಗ್ಗೆ ವಿಚಾರಣೆ ಶುರು ಮಾಡಿತು. ನಮ್ಮಲ್ಲೂ ಯಾರಾದರೂ ಕೇಳಬೇಡವೇ?

ಎಲ್ಲ ಕಂಪನಿಗಳೂ ಒಂದೇ ಥರ ಇಲ್ಲ. ಕೆಲವು ದಾಖಲೆ ನೋಡಿ ಮನೆಯವರ ಖಾತೆಗೆ ಹಾಕುತ್ತವೆ. ಕೆಲವು "ನಮಗೆ ಸರಿ ಕಂಡರೆ ಕೊಡುತ್ತೇವೆ" ಅನ್ನುತ್ತವೆ. ಗಂಡನನ್ನು ಕಳೆದುಕೊಂಡ ಹೆಂಗಸು ಹೀಗೆ ಇನ್ನೊಬ್ಬರ ಮರ್ಜಿ ಕಾಯುವಂತಾಗಬಾರದು.

ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ಕು ಜನರವರೆಗೆ ನಾಮಿನಿ ಮಾಡಬಹುದು. ಮೈಲು ಖಾತೆಯ ಅರ್ಜಿಯಲ್ಲಿ ಅಂಥದ್ದೇ ಒಂದು ಸಾಲು ಸೇರಿಸಲು ಕಷ್ಟವೇನು? ಸಾವಿನ ಸುದ್ದಿ ತಿಳಿಸಿದ ಮೇಲೆ ಒಂದು ವರ್ಷವಾದರೂ ಮೈಲುಗಳನ್ನು ರದ್ದು ಮಾಡಬಾರದು. ಮನೆಯವರು ಅಳು ನಿಲ್ಲಿಸಿ ಕಾಗದ ಪತ್ರ ಕೈಗೆತ್ತಿಕೊಳ್ಳಲು ಅಷ್ಟು ಸಮಯ ಬೇಕೇ ಬೇಕು. ಕೇಂದ್ರದ ನಾಗರಿಕ ವಿಮಾನಯಾನ ಸಚಿವಾಲಯ ಈ ಎರಡನ್ನೂ ನಿಯಮವಾಗಿಯೇ ತರಬೇಕೆಂದು ಕೇಳಿಕೊಳ್ಳುತ್ತೇನೆ.

ಓದುಗರಲ್ಲೂ ಒಂದು ಮಾತು. ನಿಮ್ಮ ಮನೆಯಲ್ಲಿ ಕೆಲಸಕ್ಕಾಗಿ ವಿಮಾನ ಹತ್ತಿಳಿಯುವವರು ಇದ್ದರೆ ಅವರ ಕಾರ್ಡಿನ ನಿಯಮ ಇವತ್ತೇ ತೆಗೆದು ಓದಿ. ಮನೆಮಂದಿಯ ಮೈಲುಗಳನ್ನು ಒಂದೇ ಕಡೆ ಸೇರಿಸುವ ಸೌಲಭ್ಯ ಕೆಲವು ಕಂಪನಿಗಳಲ್ಲಿದೆ. ಅದನ್ನು ಸದಸ್ಯರು ಬದುಕಿದ್ದಾಗಲೇ ಮಾಡಿಸಬೇಕು. ಅಣ್ಣನಿಗೆ ಇದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನನ್ನ ಮತ್ತು ನನ್ನ ಹೆಂಡತಿಯ ಮೈಲುಗಳನ್ನು ಹೋದ ವಾರ ಒಟ್ಟಿಗೆ ಸೇರಿಸಿದೆ.

ಇಂತಿ,
ಓದುಗರೊಬ್ಬರು, ಬೆಂಗಳೂರು