ನಗೆನಾಟಕ ಬರೆಯುತ್ತಿರುವ ಸೋದರಳಿಯನಿಗೆ

ಚಿರಂಜೀವಿ ಶ್ರೀಧರನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನೀನು ಕಳಿಸಿದ ಪ್ರಹಸನವನ್ನು ಎರಡು ಸಲ ಓದಿದೆ. ಆಫೀಸಿನಲ್ಲಿ ನಿನಗಾದ ಅವಮಾನದ ಸಂಗತಿಯನ್ನು ಅಕ್ಕ ಮೊದಲೇ ಹೇಳಿದ್ದರಿಂದ, ಆ ಮ್ಯಾನೇಜರನ ಪಾತ್ರ ಯಾರದೆಂದು ಗುರುತಿಸುವುದು ಕಷ್ಟವಾಗಲಿಲ್ಲ. ಮೊದಲ ಅಂಕದಲ್ಲಿ ನಗು ಬಂತು. ಎರಡನೆಯದರಲ್ಲಿ ನೀನು ಲೆಕ್ಕ ಚುಕ್ತಾ ಮಾಡಲು ಕುಳಿತಂತೆ ಕಂಡಿತು. ಬದುಕಿನಿಂದಲೇ ಹಾಸ್ಯ ಹುಟ್ಟಬೇಕೆಂದು ನಾನೇ ಹೇಳಿದ್ದೆನೆಂದು ನೆನಪಿಸಿದ್ದೀಯೆ. ಹೇಳಿದ್ದು ನಿಜ, ಆದರೆ ಅರ್ಧ ಮಾತ್ರ ಹೇಳಿದ್ದೆ. ಉಳಿದರ್ಧವನ್ನು ಫ್ರಾನ್ಸಿನ ನಗೆನಾಟಕಕಾರ, ನಟ ಮೊಲಿಯೇರನ ನೆಪದಲ್ಲಿ ಬರೆಯುತ್ತೇನೆ. ಎ. ಎನ್. ಮೂರ್ತಿರಾಯರ ‘ಆಷಾಢಭೂತಿ’ಯ ಮೂಲ ಅವನದೇ ಆದ್ದರಿಂದ ನಿನಗೆ ಅವನು ತೀರ ಅಪರಿಚಿತನಲ್ಲ.

1622ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಅವನಿಗೆ, ಅರಮನೆಯ ಮೆತ್ತೆ ಪರದೆಗಳ ಉಸ್ತುವಾರಿಯ ಹುದ್ದೆ ತಂದೆಯಿಂದ ಬರುವುದಿತ್ತು. ಅದನ್ನು ಬದಿಗಿಟ್ಟು 1643ರಲ್ಲಿ ಬೆಜಾರ್ ಮನೆತನದವರೊಡನೆ ನಾಟಕ ಮಂಡಳಿ ಕಟ್ಟಿದ. ಎರಡೇ ವರ್ಷಕ್ಕೆ, ರಂಗಕ್ಕೆ ಬೆಳಕು ಕೊಟ್ಟ ಬತ್ತಿಯ ವ್ಯಾಪಾರಿಯ ಬಾಕಿಯನ್ನೂ ತೀರಿಸಲಾಗದೆ ಸೆರೆಮನೆ ಕಂಡ. ಆಮೇಲೆ ಸುಮಾರು 13 ವರ್ಷ, ನಮ್ಮ ವೃತ್ತಿ ಕಂಪನಿಗಳು ಊರೂರಲ್ಲಿ ಕ್ಯಾಂಪ್ ಹಾಕುತ್ತಿದ್ದಂತೆ, ಪ್ರಾಂತ್ಯಗಳನ್ನು ಸುತ್ತಿದ. ಇಷ್ಟೆಲ್ಲ ಉಂಡವನು ಸೆರೆಮನೆಯ ಮೇಲೊಂದು ನಾಟಕ ಬರೆಯಲಿಲ್ಲ, ಸಾಲ ಕೊಟ್ಟವನ ಮೇಲೆ ಸೇಡು ತೀರಿಸಿಕೊಳ್ಳಲೂ ಇಲ್ಲ.

ಹಾಗಾದರೆ ಬದುಕು ಎಲ್ಲಿ ಬಂತು? 1668ರ ಜಿಪುಣನ ನಾಟಕವನ್ನು ನೋಡು. ಅಷ್ಟು ಹೊತ್ತಿಗೆ ಅವನಿಗೆ ಕೆಮ್ಮು ಅಂಟಿಕೊಂಡಿತ್ತು, ಮುದುಕ ಅರ್ಪಗೋನನ ಪಾತ್ರವೂ ಅವನದೇ. ರಂಗದ ಮೇಲೆ ಕೆಮ್ಮು ಬಂದರೆ ತಡೆಯುವಂತಿಲ್ಲ. ಆದ್ದರಿಂದ ಮದುವೆ ಕುದುರಿಸುವ ಹೆಂಗಸಿನ ಬಾಯಲ್ಲಿ, ನೀವು ಕೆಮ್ಮುವುದೂ ಎಷ್ಟು ಚೆಂದ ಎಂಬ ಅರ್ಥದ ಮುಖಸ್ತುತಿಯನ್ನು ಇಟ್ಟುಬಿಟ್ಟ. ಮಂಡಳಿಯ ಲೂಯಿ ಬೆಜಾರ್ ಕುಂಟುತ್ತಿದ್ದ. ಅವನು ಸೇವಕನಾಗಿ ಬಂದಾಗ, ಆ ಕುಂಟ ನಾಯಿಯನ್ನು ಕಂಡರೆ ನನಗಾಗದು ಎಂದು ಅರ್ಪಗೋನನೇ ಗೊಣಗುತ್ತಾನೆ. ಮರೆಮಾಡಬೇಕಾದ ಕುಂದೇ ಹೀಗೆ ಸಂಭಾಷಣೆಯಾಯಿತು. ನೀನು ಕಲಿಯಬೇಕಾದದ್ದು ಈ ಮಿತವ್ಯಯವನ್ನು ಎಂದು ನನಗೆ ತೋರುತ್ತದೆ (ಜಿಪುಣನ ನಾಟಕದಿಂದ ಮಿತವ್ಯಯ ಕಲಿ ಎನ್ನುತ್ತಿರುವುದಕ್ಕೆ ನಗಬೇಡ).

ಇನ್ನು ಮದುವೆಯ ವಿಷಯ. 1662ರ ಫೆಬ್ರವರಿಯಲ್ಲಿ, ನಲವತ್ತರ ವಯಸ್ಸಿನಲ್ಲಿ, ಅವನು ಇಪ್ಪತ್ತರ ಆಸುಪಾಸಿನ ಅರ್ಮಾಂಡಳನ್ನು ಮದುವೆಯಾದ. ಅದೇ ಡಿಸೆಂಬರಿನಲ್ಲಿ ಆಡಿದ ನಾಟಕದಲ್ಲಿ, 42 ವರ್ಷದ ಅರ್ನಾಲ್ಫ್ ಒಬ್ಬ ಹುಡುಗಿಯನ್ನು ಮುಗ್ಧಳಾಗಿಯೇ ಬೆಳೆಸಿ ಕಟ್ಟಿಕೊಳ್ಳಲು ಹೊರಟು ಮೂರ್ಖನಾಗುತ್ತಾನೆ. ಕಥೆಯ ಎಳೆ ಆಗಲೇ ಚಲಾವಣೆಯಲ್ಲಿತ್ತು, ಅವನ ಮನೆಯಿಂದ ಬಂದದ್ದಲ್ಲ; ಹಾಗಾಗಿ ಅರ್ನಾಲ್ಫನೇ ಮೊಲಿಯೇರ್ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಆದರೆ ಊರೆಲ್ಲ ತನ್ನ ಮದುವೆಯನ್ನು ಆಡಿಕೊಳ್ಳುತ್ತಿರುವಾಗ, ಆ ಪಾತ್ರವನ್ನು ಇನ್ನೊಬ್ಬ ನಟನ ತಲೆಗೆ ಕಟ್ಟದೆ ತಾನೇ ಬಣ್ಣ ಹಚ್ಚಿಕೊಂಡನಲ್ಲ, ಅದನ್ನು ಒಪ್ಪುತ್ತೇನೆ.

ವೈದ್ಯರನ್ನಂತೂ ಅವನು ಮತ್ತೆ ಮತ್ತೆ ಗೇಲಿ ಮಾಡಿದ. 1673ರಲ್ಲಿ ನಿಜವಾಗಿಯೂ ಕಾಯಿಲೆಯಾಗಿದ್ದ ಅವನು, ಕಾಯಿಲೆಯಿಲ್ಲದೆ ಕಾಯಿಲೆಯೆಂದು ನಂಬಿದ ಅರ್ಗಾನನಾಗಿ ನಟಿಸಿದ. ಮೂರನೆಯ ಅಂಕದಲ್ಲಿ ಮೊಲಿಯೇರನ ಹೆಸರೇ ಬರುತ್ತದೆ. ವೈದ್ಯರನ್ನು ಹೀಗಳೆಯುವ ಆ ಮನುಷ್ಯ ಚಿಕಿತ್ಸೆಯಿಲ್ಲದೆ ಸಾಯಲಿ ಎಂದು ಅರ್ಗಾನ್ ಶಪಿಸುತ್ತಾನೆ. ಶಪಿಸುವ ನಾಲಿಗೆ ಯಾರದು ಯೋಚಿಸು. ಫೆಬ್ರವರಿ 17ರಂದು, ನಾಲ್ಕನೆಯ ಪ್ರದರ್ಶನ ಮುಗಿಸಿ ಮನೆಗೆ ಹೋದವನು ಅದೇ ರಾತ್ರಿ ತೀರಿಕೊಂಡ.

ಈಗ ನಿನ್ನ ಎರಡನೆಯ ಅಂಕ. ಅಲ್ಲಿ ಮ್ಯಾನೇಜರನು ಪೆದ್ದ, ನಿನ್ನಂತಿರುವ ಗುಮಾಸ್ತನು ಸದಾ ಸರಿ. ಅವನಿಗೆ ಒಂದು ಕೆಮ್ಮೂ ಇಲ್ಲ, ಕುಂಟೂ ಇಲ್ಲ. ಹಾಜರಿ ಪುಸ್ತಕದಲ್ಲಿ ಸಹಿ ಹಾಕಲು ಏದುಸಿರು ಬಿಡುತ್ತ ಓಡುವುದು, ಬೈಸಿಕೊಂಡು ಮನೆಗೆ ಬಂದು ತಂಗಿಯ ಮೇಲೆ ರೇಗುವುದು, ಇವೆಲ್ಲ ನೀನು ಮಾಡಿದ್ದೇ ಅಲ್ಲವೇ? ಅವನ್ನೇಕೆ ಬಿಟ್ಟೆ? ತಿದ್ದಿ ಕಳಿಸು. ಮ್ಯಾನೇಜರನ ಪಾತ್ರವನ್ನು ನೀನೇ ಮಾಡುವುದಾದರೆ, ಮಂಡಿ ನೋವಿದ್ದರೂ ರಿಹರ್ಸಲ್ಲಿಗೆ ಬಂದು ಕೂರುತ್ತೇನೆ.

ಇಂತಿ ನಿನ್ನ ಮಾವ