ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಚಿ. ಸೌ. ಮಗಳಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಹೈಕೋರ್ಟ್ ನ್ಯಾಯಮೂರ್ತಿ ಸ್ಥಾನಕ್ಕೆ ಶಿಫಾರಸು ಮಾಡಲು ನಿನ್ನ ಒಪ್ಪಿಗೆ ಕೇಳಿದ್ದಾರೆಂದು ನಿಮ್ಮಪ್ಪ ಫೋನಿನಲ್ಲಿ ಹೇಳಿದ. ಬಹಳ ಸಂತೋಷವಾಯಿತು. ಕೈತುಂಬ ಕೇಸುಗಳಿರುವಾಗ ಅವನ್ನೆಲ್ಲ ಬಿಟ್ಟು ತಿಂಗಳಿಗೆ 2.25 ಲಕ್ಷ ರೂಪಾಯಿ ಮೂಲ ವೇತನಕ್ಕೆ ಹೋಗಬೇಕೇ ಎಂದು ನೀನು ಯೋಚಿಸುತ್ತಿರುವೆಯಂತೆ. ಮನೆ ನಡೆಸುವವರು ಯೋಚಿಸಲೇಬೇಕಾದದ್ದು ಅದು. ಆದರೆ ಅಠಾರ ಕಚೇರಿಯಲ್ಲೇ, ಅಂದರೆ ಬೆಂಗಳೂರಿನ ಹೈಕೋರ್ಟಿನಲ್ಲೇ, ತಲೆ ನೆರೆಸಿಕೊಂಡ ವಕೀಲನಾಗಿ ನಾನು ಹೇಳಬೇಕೆಂದಿರುವುದು ಬೇರೆ. ಅರವತ್ತೆರಡು ತುಂಬಿ ನಿವೃತ್ತಳಾದ ಮೇಲೆ ಏನು ಮಾಡುವೆ ಎಂಬುದನ್ನು ಈಗಲೇ ತೀರ್ಮಾನಿಸಿಕೊ.

ಕಾಯಂ ನ್ಯಾಯಮೂರ್ತಿಯಾಗಿ ನಿವೃತ್ತಳಾದವಳು ಅದೇ ಹೈಕೋರ್ಟಿನಲ್ಲಾಗಲಿ ಅದರ ಕೆಳಗಿನ ಕೋರ್ಟುಗಳಲ್ಲಾಗಲಿ ವಕಾಲತ್ತು ಹಾಕುವಂತಿಲ್ಲ. ಸಂವಿಧಾನದ 220ನೇ ವಿಧಿಯಂತೆ ಸುಪ್ರೀಂ ಕೋರ್ಟು ಮತ್ತು ಬೇರೆ ಹೈಕೋರ್ಟುಗಳು ಮಾತ್ರ ತೆರೆದಿರುತ್ತವೆ. ಹೀಗಾಗಿ ಸರ್ಕಾರ ನೇಮಕ ಮಾಡುವ ನ್ಯಾಯಮಂಡಳಿ, ಆಯೋಗಗಳ ಕಡೆ ಕಣ್ಣು ಹೋಗುವುದು ಸಹಜ. ಹಾಗೆ ಕಣ್ಣಿಟ್ಟವರ ಕೋರ್ಟ್ ಹಾಲಿನಲ್ಲಿ ಕೊನೆಯ ಒಂದೆರಡು ವರ್ಷ ಸರ್ಕಾರಿ ವಕೀಲರು ಕೇಳಿದಷ್ಟು ಸಲ ವಾಯಿದೆ ಸಿಗುತ್ತದೆ, ಎದುರು ಪಕ್ಷದ ವಕೀಲರಿಗೆ ಕಾರಣ ಗೊತ್ತಿದ್ದರೂ ಬಾಯಿ ಬಿಡುವಂತಿರುವುದಿಲ್ಲ.

ತುರ್ತು ಪರಿಸ್ಥಿತಿಯ ಕಾಲದ ಸಂಗತಿಯನ್ನು ನಿಮ್ಮ ತಲೆಮಾರಿನವರು ಓದಿರುತ್ತೀರಿ, ಒಳಗಿನ ಬಿಸಿ ತಿಳಿದಿರಲಾರದು. 1975ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಬಂಧಿತರಾದ ವಾಜಪೇಯಿ, ಅಡ್ವಾಣಿ ಮೊದಲಾದವರು ನಮ್ಮ ಹೈಕೋರ್ಟಿಗೇ ಅರ್ಜಿ ಹಾಕಿದ್ದರು. ಬಂಧನವನ್ನು ಪ್ರಶ್ನಿಸುವ ಅಂಥ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ವಿಚಾರಣೆಗೆ ತೆಗೆದುಕೊಳ್ಳಬಹುದೆಂದು ಹೇಳಿದ ಒಂಬತ್ತು ಹೈಕೋರ್ಟುಗಳ ನಿಲುವನ್ನು 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ನಾಲ್ಕು-ಒಂದರ ಬಹುಮತದಿಂದ ತಳ್ಳಿಹಾಕಿತು. ಅದೇ ವರ್ಷ ದೇಶದಲ್ಲಿ ಹದಿನಾರು ಹೈಕೋರ್ಟ್ ನ್ಯಾಯಮೂರ್ತಿಗಳ ವರ್ಗಾವಣೆಯಾದಾಗ ನಮ್ಮಲ್ಲಿಂದ ಡಿ. ಎಂ. ಚಂದ್ರಶೇಖರ್ ಅವರನ್ನು ಅಲಹಾಬಾದಿಗೂ ಸದಾನಂದಸ್ವಾಮಿಯವರನ್ನು ಗುವಾಹಟಿಗೂ ಕಳುಹಿಸಲಾಯಿತು. ಊರು, ಭಾಷೆ, ಅನ್ನ ಎಲ್ಲವೂ ಬೇರೆಯಾದ ಕಡೆಗೆ ಪೆಟ್ಟಿಗೆ ಕಟ್ಟಿಕೊಂಡು ಹೋಗಬೇಕಾಯಿತು. ಚಂದ್ರಶೇಖರ್ ಅವರು ಅಲ್ಲಿ ಮುಖ್ಯ ನ್ಯಾಯಮೂರ್ತಿಗಳಾಗಿ, 1978ರಲ್ಲಿ ನಮ್ಮ ಹೈಕೋರ್ಟಿಗೇ ಮುಖ್ಯ ನ್ಯಾಯಮೂರ್ತಿಗಳಾಗಿ ಮರಳಿದರು. ಹಾಗೆ ಮರಳಿ ಬರುವುದು ಎಲ್ಲರಿಗೂ ಒದಗುವುದಿಲ್ಲ. ನ್ಯಾಯಮೂರ್ತಿಯ ಒಪ್ಪಿಗೆಯಿಲ್ಲದೆಯೂ ವರ್ಗಾವಣೆ ಮಾಡಬಹುದೆಂದು 1977ರಲ್ಲೇ ತೀರ್ಪಾಗಿದೆ, ಆದ್ದರಿಂದ ಬೆಂಗಳೂರನ್ನು ನೆಚ್ಚಿಕೊಂಡು ಸಹಿ ಹಾಕಬೇಡ.

ಇನ್ನು ಕೆ. ಎಸ್. ಪುಟ್ಟಸ್ವಾಮಿಯವರನ್ನು ನೋಡು. 1952ರಲ್ಲಿ ವಕೀಲಿ ಆರಂಭಿಸಿದ ಅವರು 1977ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿಗಳಾಗಿ 1986ರಲ್ಲಿ ನಿವೃತ್ತರಾದರು. ಆಮೇಲೆ ಆಡಳಿತ ನ್ಯಾಯಮಂಡಳಿಗಳಲ್ಲೂ ಕೆಲಸ ಮಾಡಿದರು. ಆದ್ದರಿಂದ ನಿವೃತ್ತಿಯ ನಂತರದ ಹುದ್ದೆಯೇ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ಅದಕ್ಕಾಗಿ ಕಾದು ಕೂರುವುದು ಕೆಟ್ಟದ್ದು. ತಮ್ಮ ಎಂಬತ್ತಾರನೆಯ ವಯಸ್ಸಿನಲ್ಲಿ, 2012ರಲ್ಲಿ, ಅವರು ಆಧಾರ್ ಯೋಜನೆಯ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದರು. ತೀರ್ಪು ಬರೆಯುತ್ತಿದ್ದವರು ಅರ್ಜಿದಾರರಾದರು. ಅವರ ಅರ್ಜಿಯ ಮೇಲೆಯೇ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನ ಮೂಲಭೂತ ಹಕ್ಕೆಂದು ಸರ್ವಾನುಮತದಿಂದ ಹೇಳಿತು. ಚಂದ್ರಶೇಖರ್ ಅವರ ಕಾಲದ ಆ 1976ರ ತೀರ್ಪು ತಪ್ಪೆಂದು ರದ್ದಾದದ್ದೂ ಇದೇ ಪ್ರಕರಣದಲ್ಲಿ. ಮರುವರ್ಷ ಆಧಾರ್ ಕಾಯ್ದೆಯ ಬಹುಭಾಗ ಊರ್ಜಿತವಾಯಿತೆಂಬುದೂ ನಿಜ. ಕೇಳಿದ್ದೆಲ್ಲ ಅವರಿಗೆ ಸಿಗಲಿಲ್ಲ.

ದಿನದ ಕೆಲಸದ ಬಗ್ಗೆ ನಿನಗೆ ನಾನು ಹೇಳುವುದು ಹೆಚ್ಚಿಲ್ಲ. ಮೊದಲಿಗೆ ಹೆಚ್ಚುವರಿ ನ್ಯಾಯಮೂರ್ತಿಯಾಗಿ ಎರಡು ವರ್ಷದವರೆಗೆ ನೇಮಕವಾಗಬಹುದು. ಆ ಅವಧಿಯಲ್ಲಿ ಯಾರನ್ನಾದರೂ ಮೆಚ್ಚಿಸಬೇಕೆನ್ನಿಸಿದರೆ ಕಡತವನ್ನು ಇನ್ನೊಮ್ಮೆ ಓದು. ಕಾಯ್ದಿರಿಸಿದ ತೀರ್ಪನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಡ. ಆರು ತಿಂಗಳು ಕಳೆದರೆ ಕೇಸನ್ನು ಬೇರೆ ಪೀಠಕ್ಕೆ ಕೊಡಿ ಎಂದು ಕಕ್ಷಿದಾರ ಮುಖ್ಯ ನ್ಯಾಯಮೂರ್ತಿಗಳನ್ನು ಕೇಳಬಹುದೆಂದು ಸುಪ್ರೀಂ ಕೋರ್ಟು 2001ರಲ್ಲೇ ಹೇಳಿದೆ. ಧಾರವಾಡ, ಕಲಬುರಗಿ ಪೀಠಗಳಿಗೆ ಹೋಗುವ ಸರದಿ ರೋಸ್ಟರಿನಲ್ಲಿ ಬಂದಾಗ ಗೊಣಗದೆ ಹೋಗು. 2008ರಲ್ಲಿ ಆ ಪೀಠಗಳು ಆರಂಭವಾಗುವ ಮೊದಲು ಬೀದರಿನ ರೈತ ಒಂದು ಸ್ಟೇಗಾಗಿ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿಗೆ ಬಂದು, ಹಿಂದಿನ ಗೋಡೆಗೆ ಒರಗಿ ನಿಂತು, ಇಂಗ್ಲಿಷಿನ ಡಿಕ್ಟೇಷನ್ ಮುಗಿದ ಮೇಲೆ ತನಗೇನಾಯಿತೆಂದು ವಕೀಲರ ಗುಮಾಸ್ತನನ್ನು ಕೇಳುತ್ತಿದ್ದ. ಪೀಠ ಹತ್ತಿರ ಬಂದರೂ ಆ ಪ್ರಶ್ನೆ ಹಾಗೇ ಇದೆ. ಕಕ್ಷಿದಾರ ಎದುರಿಗಿದ್ದರೆ, ಸ್ಟೆನೋ ಪೆನ್ನು ಕೆಳಗಿಟ್ಟ ಮೇಲೆ, ಅರ್ಜಿ ಏಕೆ ವಜಾ ಆಯಿತೆಂದು ಎರಡೇ ಮಾತಿನಲ್ಲಿ ಕನ್ನಡದಲ್ಲಿ ಹೇಳು. ಸೋತವನಿಗೆ ಅಷ್ಟು ಹೇಳಲು ಬಾಯಿ ಬರದಿದ್ದರೆ ಆದೇಶದ ಕಾರಣಗಳೇ ಸಡಿಲವಾಗಿರಬಹುದು, ಸಹಿ ಹಾಕುವ ಮೊದಲು ತಿದ್ದಿಕೊ.

ಕೊನೆಯದು ಮನೆಯ ವಿಚಾರ. ವಕೀಲನಾದ ನಿನ್ನ ಗಂಡ ನಿನ್ನ ಪೀಠದೆದುರು ಬರುವಂತಿಲ್ಲವೆಂಬುದು ನಿಮಗಿಬ್ಬರಿಗೂ ಗೊತ್ತು. ಆದರೆ 1997ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳು ಒಪ್ಪಿದ ನಡವಳಿಕೆಯ ಸೂತ್ರಗಳಂತೆ, ವಕೀಲರಾದ ಮನೆಯವರು ನ್ಯಾಯಮೂರ್ತಿ ವಾಸಿಸುವ ಮನೆಯನ್ನು ವೃತ್ತಿಗೆ ಬಳಸುವಂತೆಯೂ ಇಲ್ಲ. ಕೆಳಮಹಡಿಯಲ್ಲಿ ಕಕ್ಷಿದಾರರು ಕಾಫಿ ಕುಡಿಯುತ್ತಾ ಕುಳಿತಿರುವಾಗ ಮೇಲಿನ ಮಹಡಿಯಲ್ಲಿ ನೀನು ತೀರ್ಪು ತಿದ್ದುತ್ತಿದ್ದರೆ, ನೀನು ಎಷ್ಟೇ ಶುದ್ಧಳಾಗಿದ್ದರೂ ಊರು ಆಡಿಕೊಳ್ಳುತ್ತದೆ. ಆದ್ದರಿಂದ ಅವನ ಕಚೇರಿಗೆ ಬೇರೆ ಜಾಗ ಗೊತ್ತುಮಾಡಿ, ಮುಂಗಡ ಕೊಟ್ಟು, ಆಮೇಲೆ ಒಪ್ಪಿಗೆ ಪತ್ರ ಕಳುಹಿಸು. ಶೇಷಾದ್ರಿಪುರದಲ್ಲಿ ಬಾಡಿಗೆ ಸ್ವಲ್ಪ ಕಡಿಮೆಯೆಂದು ಕೇಳಿದ್ದೇನೆ, ವಿಚಾರಿಸಿ ನೋಡಲಿ.

ಇಂತಿ,
ನಿನ್ನ ದೊಡ್ಡಪ್ಪ